ಆಲೆಮನೆಯಲ್ಲಿ ಬೆವರು ಹಿಡಿದದ್ದು

ಮೊದಲ ದಿನದ ಸ್ಯಾಂಪಲ್ಲೆಲ್ಲ ಕಸದ ಬುಟ್ಟಿಗೆ ಹೋಯಿತು. ತಪ್ಪು ನನ್ನದೇ.

ಮೈಸೂರಿನ ಲ್ಯಾಬಿನಿಂದ ಹೊರಟು ಪಾಂಡವಪುರದ ಹತ್ತಿರದ ಆಲೆಮನೆಗೆ ಹೋಗಿದ್ದೆ. ಒಲೆಗೆ ರಚ್ಚು (ಹಾಲು ಹಿಂಡಿದ ಕಬ್ಬಿನ ಸಿಪ್ಪೆ) ತಳ್ಳುವವರಲ್ಲಿ ಕೆಲವರಿಗೆ ಬೆವರುಸಾಲೆ, ತುರಿಕೆ. ಸೂಜಿ ಚುಚ್ಚದೆ, ಚರ್ಮ ಕತ್ತರಿಸದೆ, ಬರೀ ಬೆವರಿನಿಂದ ಏನು ತಿಳಿಯುತ್ತದೆ ನೋಡೋಣ ಅಂತ ನನ್ನ ಲೆಕ್ಕ. "ಬೆವರು ತಾನೇ ಸಾರ್, ಎಷ್ಟ್ ಬೇಕಾದ್ರೂ ತಗೊಳ್ಳಿ" ಅಂದರು ಅಲ್ಲಿನ ಹಿರಿಯರೊಬ್ಬರು.

ಅವರ ಕೈ ಮೇಲೆ ಪಿಎಚ್ ಪಟ್ಟಿ ಇಟ್ಟೆ. ಹುಳಿಯೋ ಕ್ಷಾರವೋ ಅಂತ ಹೇಳುವ ಪಟ್ಟಿ ಅದು, 7ಕ್ಕಿಂತ ಕಡಿಮೆ ಇದ್ದರೆ ಹುಳಿ, ಜಾಸ್ತಿ ಇದ್ದರೆ ಕ್ಷಾರ. 8 ತೋರಿಸಿತು. ಆರೋಗ್ಯವಾದ ಚರ್ಮ ಕೊಂಚ ಹುಳಿ, 5ರ ಆಸುಪಾಸು. ಇಷ್ಟು ಏರಿದೆ ಅಂದರೆ ಚರ್ಮದ ಮೇಲ್ಪದರ ಕೆಟ್ಟಿರಬೇಕು ಅಂತ ಖುಷಿಯಲ್ಲಿ ಬರೆದುಕೊಂಡೆ. ಆಮೇಲೆ ನೋಡಿದರೆ ಅಣ್ಣ ಕಬ್ಬಿನ ಹಾಲಿನ ಕೊಳೆ ತೆಗೆಯಲು ಸುಣ್ಣ ಕಲಸುತ್ತಿದ್ದಾರೆ! ನಾನು ಅಳೆದದ್ದು ಸುಣ್ಣವನ್ನು. ಸೋಪೂ ಹೀಗೇ ಮೋಸ ಮಾಡುತ್ತದೆ, ಸ್ನಾನ ಮಾಡಿ ಬಂದವರನ್ನು ಕೂಡಲೇ ಅಳೆಯಬಾರದು.

ಈಗ ಬೆನ್ನು ಅಥವಾ ತೋಳಿನ ಒಳಭಾಗವನ್ನು ಡಿಸ್ಟಿಲ್ಡ್ ವಾಟರ್‌ನಲ್ಲಿ ಒರೆಸುತ್ತೇನೆ. ಮೊದಲು ಬರುವ ಬೆವರನ್ನು ಬಿಟ್ಟುಬಿಡುತ್ತೇನೆ, ಅದರಲ್ಲಿ ಚರ್ಮದ ಮೇಲಿನ ಕೊಳೆಯೇ ಜಾಸ್ತಿ. ಆಮೇಲೆ ತೂಕ ಮಾಡಿಟ್ಟ ಹೀರುವ ಪ್ಯಾಡ್ ಇಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಅರ್ಧ ಗಂಟೆ ಬಿಡುತ್ತೇನೆ. ಅಂಚು ಎದ್ದರೆ ನೀರು ಆರಿ, ಉಳಿದ ಉಪ್ಪು ಸುಮ್ನೆ ಜಾಸ್ತಿ ಕಾಣುತ್ತದೆ. ಗ್ಲೌಸ್ ಇಲ್ಲದಿದ್ದರೆ ನನ್ನ ಬೆವರೂ ಸೇರಿಕೊಳ್ಳುತ್ತದೆ. ಪ್ಯಾಡನ್ನು ಚಿಮಟದಲ್ಲಿ ತೆಗೆದು ಮುಚ್ಚಳದ ಬಾಟಲಿಗೆ ಹಾಕಿ ಮತ್ತೆ ತೂಗುವುದು.

ಆ ತೂಕವೇ ಮುಖ್ಯ. ಬೆವರು ಹೊರಬರುವ ದಾರಿಯಲ್ಲಿ ಗ್ರಂಥಿಯ ನಾಳ ಉಪ್ಪನ್ನು ವಾಪಸ್ ಹೀರಿಕೊಳ್ಳುತ್ತದೆ. ರಭಸವಾಗಿ ಬೆವರಿದರೆ ಹೀರಲು ಅದಕ್ಕೆ ಪುರುಸೊತ್ತು ಎಲ್ಲಿ? ಹಾಗಾಗಿ ಎಷ್ಟು ಬೆವರು ಬಂತು ಅಂತ ಗೊತ್ತಿಲ್ಲದೆ ಸೋಡಿಯಂ ಲೆಕ್ಕ ಹೇಳಿದರೆ ನಾನು ನಂಬುವುದಿಲ್ಲ. ಬೆವರಿನಲ್ಲೇ ಇರುವ ಲ್ಯಾಕ್ಟೇಟ್, ಯೂರಿಯಾ ಎಂಬ ರಾಸಾಯನಿಕಗಳನ್ನೂ ನೋಡುತ್ತೇನೆ. ಚರ್ಮದ ತೇವ ಹಿಡಿದಿಡುವುದರಲ್ಲಿ ಅವುಗಳ ಪಾಲೂ ಇದೆ.

ಅದೇ ಅಣ್ಣನ ಬೆನ್ನಿಗೆ ಎರಡು ಪ್ಯಾಡ್ ಹಾಕಿದೆ. ಬೆವರುಸಾಲೆ ಇದ್ದ ಕಡೆಯದು ಹೆಚ್ಚುಕಡಿಮೆ ಒಣಗಿತ್ತು, ಪಕ್ಕದ್ದು ತೊಯ್ದು ಹೋಗಿತ್ತು. ಬೆವರುಸಾಲೆ ಅಂದರೆ ಬೆವರಿನ ನಾಳ ಕಟ್ಟಿಕೊಳ್ಳುವುದೇ, ಅಲ್ವಾ? ತೂಕದಲ್ಲೇ ಅದು ಕಂಡಿತು. ಆದರೂ ರೋಗ ಯಾವುದು ಅಂತ ನಾನು ಹೇಳಲಿಲ್ಲ, ಚರ್ಮದ ಡಾಕ್ಟರಿಗೆ ತೋರಿಸಿ ಅಂದೆ.

ಹೊರಡುವಾಗ ಬಿಸಿ ಬೆಲ್ಲ ಕೈಗಿಟ್ಟರು. ಬಾಟಲಿಗಳನ್ನೆಲ್ಲ ಐಸ್ ಡಬ್ಬಕ್ಕೆ ಸೇರಿಸಿ ಮುಚ್ಚುವ ತನಕ ಮುಟ್ಟಲಿಲ್ಲ.