ಏಜೆಂಟ್ ಲೈಸೆನ್ಸ್ ರಿನ್ಯೂವಲ್‌ಗೆ 45 ಗಂಟೆ ಸಿಇ: ಹಳೇ ಫೈಲ್ ಪಕ್ಕದಲ್ಲಿಟ್ಕೊಂಡು ಓದಿದ ಅನುಭವ

ಕ್ಯಾಲಿಫೋರ್ನಿಯಾದಲ್ಲಿ ರಿಯಲ್ ಎಸ್ಟೇಟ್ ಸೇಲ್ಸ್‌ಪರ್ಸನ್ ಲೈಸೆನ್ಸ್ ನಾಲ್ಕು ವರ್ಷಕ್ಕೆ ಕೊಡ್ತಾರೆ. ಆಮೇಲೆ ರಿನ್ಯೂ ಆಗ್ಬೇಕು ಅಂದ್ರೆ 45 ಗಂಟೆ ಕಂಟಿನ್ಯೂಯಿಂಗ್ ಎಜುಕೇಷನ್ ಮುಗಿಸ್ಲೇಬೇಕು, ಎಲ್ರೂ ಸಿಇ ಸಿಇ ಅಂತಾರಲ್ಲ ಅದೇ. ನಾನು 2021ರಲ್ಲಿ ಲೈಸೆನ್ಸ್ ತಗೊಂಡೋಳು, 2025ರಲ್ಲಿ ಮೊದಲನೇ ರಿನ್ಯೂವಲ್ ಆಯ್ತು. ಬೇ ಏರಿಯಾದಲ್ಲಿ ಈ ಕೆಲಸ ಮಾಡೋ ಕನ್ನಡದೋರು ಈಗ ಸುಮಾರು ಜನ ಇದೀವಿ, ರಿನ್ಯೂವಲ್ ಹತ್ರ ಬಂತು ಅಂದ್ರೆ ಒಬ್ರಿಗೊಬ್ರು ಕೇಳೋದು ಒಂದೇ, "ಯಾವ ಪ್ಯಾಕೇಜು ಬೇಗ ಮುಗಿಯತ್ತೆ?" ಬೇಗ ಮುಗಿಸೋದು ಹೇಗೆ ಅಂತ ಹೇಳಕ್ಕೆ ಬೇಕಾದಷ್ಟು ಜನ ಇದಾರೆ. ನಾನು ಹೇಳ್ತಿರೋದು ಆ 45 ಗಂಟೆ ಕೈಗೆ ಹತ್ತೋ ಹಾಗೆ ಹೇಗೆ ಮಾಡ್ಕೊಂಡೆ ಅನ್ನೋದು.

ಮೊದ್ಲು ಲೆಕ್ಕ. ಮೊದಲನೇ ಸಲ ರಿನ್ಯೂ ಮಾಡೋ ಸೇಲ್ಸ್‌ಪರ್ಸನ್‌ಗೆ ಎಥಿಕ್ಸ್, ಏಜೆನ್ಸಿ (ಏಜೆಂಟ್ ಯಾರ ಪರ ಕೆಲ್ಸ ಮಾಡ್ತಾರೆ ಅನ್ನೋದು), ಟ್ರಸ್ಟ್ ಫಂಡ್ ಹ್ಯಾಂಡ್ಲಿಂಗ್ (ಕ್ಲೈಂಟ್ ದುಡ್ಡು ನೋಡ್ಕೊಳೋದು), ರಿಸ್ಕ್ ಮ್ಯಾನೇಜ್‌ಮೆಂಟ್, ಫೇರ್ ಹೌಸಿಂಗ್ (ಮನೆ ಮಾರೋದ್ರಲ್ಲಿ ಬಾಡಿಗೆ ಕೊಡೋದ್ರಲ್ಲಿ ಜನರ ನಡುವೆ ಭೇದ ಮಾಡ್ಬಾರ್ದು ಅನ್ನೋ ಕಾನೂನು) ಇವೆಲ್ಲಾ ತಲಾ 3 ಗಂಟೆ, ಇಂಪ್ಲಿಸಿಟ್ ಬಯಾಸ್ (ನಮಗೇ ಗೊತ್ತಿಲ್ದೆ ಮಾಡೋ ಪಕ್ಷಪಾತ) 2 ಗಂಟೆ, ಅಲ್ಲಿಗೆ 17 ಆಯ್ತು. ಕನ್ಸ್ಯೂಮರ್ ಪ್ರೊಟೆಕ್ಷನ್ ಅಂತ ಕನಿಷ್ಠ 18 ಗಂಟೆ, ಉಳಿದ 10 ಗಂಟೆ ಅದೇ ಗುಂಪಲ್ಲಾದ್ರೂ ತಗೋಬಹುದು ಕನ್ಸ್ಯೂಮರ್ ಸರ್ವೀಸ್ ಅನ್ನೋ ಗುಂಪಲ್ಲಾದ್ರೂ ತಗೋಬಹುದು. ಬ್ರೋಕರ್ (ಸೇಲ್ಸ್‌ಪರ್ಸನ್‌ಗಳು ಯಾರ ಕೈಕೆಳಗೆ ಕೆಲ್ಸ ಮಾಡ್ತಾರೋ ಅವರು) ಆದ್ರೆ ಮ್ಯಾನೇಜ್‌ಮೆಂಟ್ ಅಂಡ್ ಸೂಪರ್‌ವಿಷನ್ ಅಂತ ಇನ್ನೊಂದು 3 ಗಂಟೆ ಕಡ್ಡಾಯ, ಒಟ್ಟು ಮಾತ್ರ ಅದೇ 45. ಇಂಪ್ಲಿಸಿಟ್ ಬಯಾಸ್ ಸೇರಿದ್ದು, ಫೇರ್ ಹೌಸಿಂಗ್‌ನಲ್ಲಿ ರೋಲ್‌ಪ್ಲೇ ಬಂದಿದ್ದು 2023ರಿಂದ, ಅದಕ್ಕಿಂತ ಮುಂಚೆ ಮಾಡಿದೋರ ಮಾತು ಕೇಳ್ಕೊಂಡು ಕೋರ್ಸ್ ಕೊಳ್ಳಕ್ಕೆ ಹೋಗ್ಬೇಡಿ. 70 ವರ್ಷ ದಾಟಿ, 30 ವರ್ಷ ಸತತವಾಗಿ ಕಪ್ಪು ಚುಕ್ಕೆ ಇಲ್ದೆ ಲೈಸೆನ್ಸ್ ಇಟ್ಕೊಂಡಿರೋರಿಗೆ ಸಿಇ ಮಾಫಿ ಉಂಟು, ಅಷ್ಟು ದಿನ ಈ ಫೀಲ್ಡಲ್ಲಿ ಬದುಕಿ ಉಳಿದೋರಿಗೆ ಇನ್ನೇನು ಕಲಿಸೋದು ಬಿಡಿ.

ಊರಲ್ಲಿ ಫ್ಲಾಟು ಸೈಟು ಮಾಡಿಸೋ ನನ್ ಭಾವನಿಗೆ ಇದನ್ನ ಹೇಳ್ದಾಗ "ಏಜೆಂಟಿಗೆ ಎಂಥಾ ಪರೀಕ್ಷೆ ಮಾರಾಯ್ತಿ" ಅಂತ ನಕ್ರು. ನಗೋದೇನಿಲ್ಲ, ಮಹಾರಾಷ್ಟ್ರದ ರೇರಾ 2023ರಲ್ಲೇ ಏಜೆಂಟರಿಗೆ ಟ್ರೈನಿಂಗು ಪರೀಕ್ಷೆ ಸರ್ಟಿಫಿಕೇಟು ಎಲ್ಲಾ ಕಡ್ಡಾಯ ಮಾಡಿದೆ.

ಪ್ಯಾಕೇಜ್ ಆರಿಸೋದ್ರಲ್ಲಿ ನಾನು ರೇಟು ನೋಡ್ಲಿಲ್ಲ, ದೊಡ್ಡ ಖರ್ಚೇನೂ ಅಲ್ಲ ಅದು, ರಿಯಲ್ಟರ್ ಅಸೋಸಿಯೇಷನ್ ಮೆಂಬರ್ ಆಗಿದ್ರೆ ಕಮ್ಮಿಗೆ ಅಥವಾ ಪುಕ್ಕಟೆ ಸಿಗೋದೂ ಉಂಟು, ನಿಮ್ಮ ಆಫೀಸಲ್ಲಿ ಕೇಳಿ. ನಾನು ನೋಡಿದ್ದು ಒಂದೇ, ಬೈಯರ್ ಅಗ್ರಿಮೆಂಟ್ (ಮನೆ ಕೊಳ್ಳೋರಿಗೂ ಅವರ ಏಜೆಂಟಿಗೂ ಆಗೋ ಒಪ್ಪಂದ) ಬಗ್ಗೆ ಹೊಸ ವಿಷಯ ಇದೆಯಾ ಅಂತ. 2024ರ ಆಗಸ್ಟ್‌ನಲ್ಲಿ ರಿಯಲ್ಟರ್‌ಗಳ ರಾಷ್ಟ್ರೀಯ ಸಂಘ ಎನ್‌ಎಆರ್ ಕಮಿಷನ್ ಕೇಸಲ್ಲಿ ಮಾಡ್ಕೊಂಡ ಸೆಟಲ್‌ಮೆಂಟ್ ಜಾರಿಗೆ ಬಂದ್ಮೇಲೆ ಮನೆ ತೋರ್ಸೋಕೆ ಮುಂಚೆನೇ ಬೈಯರ್ ಹತ್ರ ಸೈನ್ ಮಾಡಿಸ್ಬೇಕಾಯ್ತು, ಏಜೆಂಟರೆಲ್ಲಾ ಮನೆ ಲಿಸ್ಟ್ ಮಾಡೋ ಎಂಎಲ್‌ಎಸ್‌ನಲ್ಲಿ ಬೈಯರ್ ಏಜೆಂಟ್ ಕಮಿಷನ್ ಹಾಕೋದು ನಿಂತೋಯ್ತು, 2025ರ ಜನವರಿಯಿಂದ ರಾಜ್ಯದ ಕಾನೂನೇ ಬಂದು ಆ ಅಗ್ರಿಮೆಂಟು ಸಾಮಾನ್ಯ ಬೈಯರ್‌ಗೆ ಮೂರು ತಿಂಗಳಿಗಿಂತ ಜಾಸ್ತಿ ಇರೋ ಹಾಗಿಲ್ಲ ಅಂತಾಯ್ತು. ಇದು ಯಾವ್ದೂ ಇಲ್ದಿರೋ ಹಳೇ ಕೋರ್ಸನ್ನೂ ಮಾರ್ತಿರ್ತಾರೆ, ಗಂಟೆ ಸಿಗತ್ತೆ, ಆದ್ರೆ ಓದಿದ್ದು ನಾಳೆ ಕೆಲ್ಸಕ್ಕೆ ಬರಲ್ಲ. ಚಾಪ್ಟರ್ ಲಿಸ್ಟ್ ಕೇಳಿ ನೋಡಿ ದುಡ್ಡು ಕಟ್ಟಿ.

ಇನ್ನು ನಾನು ಓದಿದ ರೀತಿ. ನಾಲ್ಕು ವರ್ಷದಲ್ಲಿ ಕ್ಲೋಸ್ ಮಾಡಿದ ಡೀಲ್‌ಗಳ ಫೈಲೆಲ್ಲಾ ಬ್ರೋಕರೇಜ್ ಸಿಸ್ಟಮಲ್ಲಿ ಇರ್ತವಲ್ಲ, ಪ್ರತಿ ಸಬ್ಜೆಕ್ಟಿಗೂ ಒಂದು ಫೈಲ್ ಓಪನ್ ಮಾಡಿ ಪಕ್ಕದಲ್ಲಿಟ್ಕೊಂಡು ಓದ್ದೆ. ಏಜೆನ್ಸಿ ಓದುವಾಗ ನಾನೇ ಸೈನ್ ಮಾಡಿಸಿದ ಏಜೆನ್ಸಿ ಡಿಸ್‌ಕ್ಲೋಷರು, ರಿಸ್ಕ್ ಓದುವಾಗ ನಾನೇ ಬರೆದ ಇನ್ಸ್‌ಪೆಕ್ಷನ್ ಫಾರ್ಮು, ಹೀಗೆ. ಸ್ಕ್ರೀನಲ್ಲಿ ಕಾನೂನು ಓದ್ತಾ ಹೋದ್ರೆ ಹತ್ತು ನಿಮಿಷಕ್ಕೆ ಕಣ್ಣು ಎಳೆಯತ್ತೆ, ನಮ್ಮದೇ ಸೈನ್ ಇರೋ ಪೇಪರ್ ಎದುರಿಗಿದ್ರೆ ನಿದ್ದೆ ಬರಲ್ಲ, ಹೇಳ್ತೀನಲ್ಲ.

ಇದರ ಲಾಭ ಗೊತ್ತಾಗಿದ್ದು ರಿಸ್ಕ್ ಮ್ಯಾನೇಜ್‌ಮೆಂಟಲ್ಲಿ. ಅಲ್ಲಿ ಈಸ್ಟನ್ ಕೇಸು ಬರತ್ತೆ. ಡಯಾಬ್ಲೋ ಅನ್ನೋ ಊರು, ಡ್ಯಾನ್‌ವಿಲ್ ಪಕ್ಕದಲ್ಲೇ, ನಾವು ವಾರ ವಾರ ಓಡಾಡೋ ಜಾಗ. 1976ರಲ್ಲಿ ಒಬ್ರು 1,70,000 ಡಾಲರ್ ಕೊಟ್ಟು ಒಂದೆಕರೆ ಜಾಗದಲ್ಲಿರೋ ಮನೆ ತಗೊಂಡ್ರು, ಸ್ವಲ್ಪ ದಿನಕ್ಕೇ ಕೆಳಗಿನ ಮಣ್ಣು ಜಾರಿ ಮನೆ ಹಾಳಾಯ್ತು. ಮುಂಚೆನೂ ಮಣ್ಣು ಜಾರಿತ್ತು, ಮಾರಿದೋರು ಬಾಯಿ ಬಿಟ್ಟಿರ್ಲಿಲ್ಲ, ಲಿಸ್ಟಿಂಗ್ ಏಜೆಂಟರಿಗೂ ಜಾರಿದ ವಿಷಯ ಗೊತ್ತಿರ್ಲಿಲ್ಲ. ಆದ್ರೆ ಇಳಿಜಾರಿನ ಮೇಲೆ ಮಣ್ಣು ಹಿಡಿಯೋಕೆ ನೆಟ್ ಹಾಕಿದ್ದು, ಗೆಸ್ಟ್ ಹೌಸ್ ನೆಲ ಸಮ ಇಲ್ದಿರೋದು ಅವರ ಕಣ್ಣಿಗೆ ಬಿದ್ದಿತ್ತು. 1984ರಲ್ಲಿ ಅಪೀಲು ಕೋರ್ಟು ಹೇಳಿದ್ದು, ಗೊತ್ತಿಲ್ಲ ಅಂದ್ರೆ ಆಗಲ್ಲ, ಕಣ್ಣಿಗೆ ಕಾಣೋದನ್ನ ಸರಿಯಾಗಿ ನೋಡಿ ಬೈಯರಿಗೆ ಹೇಳೋದು ಏಜೆಂಟ್ ಕೆಲ್ಸ ಅಂತ. ಆಮೇಲೆ ಅದೇ ಸಿವಿಲ್ ಕೋಡ್ 2079ನೇ ಸೆಕ್ಷನ್ ಆಯ್ತು. ಇವತ್ತು ಪ್ರತಿ ಮನೆಗೂ ರೂಮ್ ರೂಮ್ ಸುತ್ತಿ ನಾವು ತುಂಬ್ತೀವಲ್ಲ ಅವಿಡ್ ಫಾರ್ಮು (ಏಜೆಂಟ್ ಕಣ್ಣಿಗೆ ಕಂಡಿದ್ದನ್ನ ಬರೆದು ಕೊಡೋದು), ಅದರ ಮೂಲ ಇದು.

ನನ್ನ ಹಳೇ ಅವಿಡ್‌ಗಳನ್ನ ತೆಗೆದು ಈ ಕೇಸಿನ ಕಣ್ಣಲ್ಲಿ ಓದ್ದೆ. ಒಂದ್ರಲ್ಲಿ ಹೀಗೆ ಬರ್ದಿದ್ದೆ: "ಹಾಲ್ ಬಾತ್‌ರೂಮ್, ಟಬ್ ಮೇಲಿನ ಸೀಲಿಂಗಲ್ಲಿ ಕಂದು ಬಣ್ಣದ ಕಲೆ, ಊಟದ ತಟ್ಟೆಯಷ್ಟು ಅಗಲ, ಕಿಟಕಿ ಕೆಳಗೆ ಪೇಂಟ್ ಎದ್ದಿದೆ." ಅಷ್ಟೇ. ಲೀಕ್ ಅಂತ ಬರ್ದಿಲ್ಲ, ಮೋಲ್ಡ್ ಅಂತ ಬರ್ದಿಲ್ಲ, "ಚಿಕ್ಕದು, ತೊಂದ್ರೆ ಇಲ್ಲ" ಅಂತಾನೂ ಬರ್ದಿಲ್ಲ. ಇದು ನನ್ ಟ್ರೈನಿಂಗ್ ಬ್ರೋಕರ್ ಹೊಡೆದು ಹೇಳಿದ ಪಾಠ, ಯಾಕೆ ಅನ್ನೋದು ಕೋರ್ಸ್ ಓದುವಾಗ ಪೂರ್ತಿ ಕೂತ್ಕೊಂತು. ಕಂಡಿದ್ದು ಬರೀಬೇಕು, ಕಾರಣ ಬರೀಬಾರ್ದು. ನಾವು ಪ್ಲಂಬರೂ ಅಲ್ಲ ರೂಫರೂ ಅಲ್ಲ, ಲೀಕ್ ಅಂತ ಬರ್ದು ಅದು ಇನ್ನೇನೋ ಆಗಿದ್ರೆ ಅದಕ್ಕೂ ನಾವೇ ಜವಾಬ್ದಾರಿ, ಚಿಕ್ಕದು ಅಂತ ಬರ್ದು ದೊಡ್ಡದಾಗಿದ್ರಂತೂ ಮುಗೀತು. ಕೆಲವು ಏಜೆಂಟ್‌ಗಳ ಅವಿಡ್ ನೋಡಿದೀನಿ, ಎಲ್ಲಾ ರೂಮಿಗೂ "ನಾರ್ಮಲ್ ವೇರ್ ಅಂಡ್ ಟೇರ್" ಅಂತ ಒಂದೇ ಸಾಲು, ಅದನ್ನ ಬರೆಯೋದೂ ಒಂದೇ ಬಿಡೋದೂ ಒಂದೇ.

ಫೇರ್ ಹೌಸಿಂಗ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ನಮ್ಮ ಕ್ಲೈಂಟ್ಸ್ ಜಾಸ್ತಿ ನಮ್ಮ ಜನಾನೇ, ಅವರು ಕೇಳೋ ಪ್ರಶ್ನೆಗಳು ನೇರವಾಗಿ ಇಲ್ಲಿಗೇ ಬಂದು ಬೀಳ್ತವೆ. ಕೋರ್ಸಲ್ಲಿ ಒಂದ್ಸಲ ನೀವು ಏಜೆಂಟ್ ಆಗ್ಬೇಕು ಒಂದ್ಸಲ ಕ್ಲೈಂಟ್ ಆಗ್ಬೇಕು, ಕಾನೂನೇ ಹಾಗೆ ಹೇಳತ್ತೆ. ಕೆಲವು ಕಡೆ ಸ್ಕ್ರೀನಲ್ಲಿ ಬಟನ್ ಒತ್ತಿ ಮುಗಿಸಬಹುದು. ನಾನು ಬೇಕಂತಾನೇ ಜೂಮಲ್ಲಿ ಲೈವ್ ಇರೋದು ತಗೊಂಡೆ. ನನ್ ಎದುರಿಗೆ ಬಂದೋರು ಬೈಯರ್ ಪಾತ್ರದಲ್ಲಿ "ಈ ಏರಿಯಾ ಸೇಫಾ?" ಅಂತ ಕೇಳಿದ್ರು. ಸೇಫು ಅಂದ್ರೂ ಕಷ್ಟ ಅಲ್ಲ ಅಂದ್ರೂ ಕಷ್ಟ, ಯಾಕಂದ್ರೆ ಆ ಮಾತಿನ ಹಿಂದೆ ಅಲ್ಲಿ ಯಾರು ವಾಸ ಮಾಡ್ತಾರೆ ಅನ್ನೋ ಲೆಕ್ಕ ಅವಿತಿರತ್ತೆ. ಪೊಲೀಸ್ ಇಲಾಖೆ ಕ್ರೈಮ್ ಮ್ಯಾಪ್ ಎಲ್ಲಿದೆ, ಲೈಂಗಿಕ ಅಪರಾಧಿಗಳ ಪಟ್ಟಿ ಇರೋ ಮೇಗನ್ಸ್ ಲಾ ವೆಬ್‌ಸೈಟ್ ಯಾವ್ದು, ಸ್ಕೂಲ್ ಡಿಸ್ಟ್ರಿಕ್ಟ್ ಬೌಂಡರಿ ಎಲ್ಲಿ ನೋಡ್ಬೇಕು, ಇಷ್ಟು ತೋರಿಸಿ ನಾವು ಪಕ್ಕಕ್ಕೆ ಸರೀಬೇಕು.

ಇದನ್ನ ಇಂಗ್ಲಿಷಲ್ಲಿ ಹೇಳೋದು ಸುಲಭ. ಕನ್ನಡದಲ್ಲಿ ಸಲುಗೆ ಜಾಸ್ತಿ ನೋಡಿ, ಅಲ್ಲೇ ಕಷ್ಟ. ಕೋರ್ಸ್ ಆದ್ಮೇಲೆ ಒಂದು ಹೊಸ ಫ್ಯಾಮಿಲಿ ಸಿಕ್ತು, ಗಂಡ ಹೆಂಡ್ತಿ ಇಬ್ರೂ ಪ್ಲೆಸೆಂಟನ್ ಬಾರ್ಟ್ (ಬೇ ಏರಿಯಾದ ಲೋಕಲ್ ರೈಲು) ಸ್ಟೇಷನ್ ಕಡೆಯಿಂದ ಕೆಲ್ಸಕ್ಕೆ ಹೋಗೋರು.

"ಅಕ್ಕಾ, ಡಬ್ಲಿನ್ ಓಕೆ, ಸ್ಯಾನ್ ರಮೋನ್ ಓಕೆ, ಅದ್ರಲ್ಲಿ ನಮ್ಮೋರು ಜಾಸ್ತಿ ಇರೋ ಕಡೆ ತೋರ್ಸಿ, ಅಮ್ಮ ಬಂದ್ರೆ ಮಾತಾಡಕ್ಕೆ ಜನ ಬೇಕಲ್ಲ."

"ಅದೊಂದು ನನ್ ಬಾಯಲ್ಲಿ ಹೇಳೋ ಹಾಗಿಲ್ಲಪ್ಪ, ಹೇಳಿದ್ರೆ ಲೈಸೆನ್ಸಿಗೇ ಕುತ್ತು. ಬಜೆಟ್ ಹೇಳು, ಬಾರ್ಟಿಗೆ ಎಷ್ಟು ದೂರ ಹೇಳು, ಲಿವರ್‌ಮೋರ್ ದೇವಸ್ಥಾನಕ್ಕೆ ಎಷ್ಟು ನಿಮಿಷ ಆಗ್ಬೇಕು ಅದನ್ನೂ ಹೇಳು, ಅದರೊಳಗೆ ಬರೋ ಮನೆ ಒಂದೂ ಬಿಡದೆ ತೋರಿಸ್ತೀನಿ. ಸಾಯಂಕಾಲ ನೀವೇ ಒಂದು ರೌಂಡ್ ಹಾಕ್ಕೊಂಡು ಬನ್ನಿ, ಎಲ್ಲಿ ಇಷ್ಟ ಆಗತ್ತೆ ನೋಡಿ."

ಅಷ್ಟಕ್ಕೆ ಒಪ್ಕೊಂಡ್ರು. ಯಾರೂ ಬೇಜಾರು ಮಾಡ್ಕೊಳಲ್ಲ, ನಗ್ತಾ ಹೇಳ್ಬೇಕು ಅಷ್ಟೇ. ವಾಸ್ತುಗೆ ಅಡ್ಡಿ ಇಲ್ಲ, ಪೂರ್ವಕ್ಕೆ ಬಾಗಿಲಿರೋ ಮನೆ ಹುಡುಕೋದು ಮನೆ ಬಗ್ಗೆ ಇರೋ ಆಯ್ಕೆ, ಜನರ ಬಗ್ಗೆ ಅಲ್ಲ. ಬಾಡಿಗೆ ಕೊಡೋ ನಮ್ಮೋರದ್ದು ಇನ್ನೊಂದು ಕಥೆ, "ಆಡಲ್ಲಿ ಇಂಡಿಯನ್ ಫ್ಯಾಮಿಲಿ ಪ್ರಿಫರ್ಡ್ ಅಂತ ಹಾಕ್ಬಿಡಿ ಮೇಡಂ" ಅಂತಾರೆ, ಅದು ನೇರ ತಪ್ಪು, ಹಾಕ್ಸಿದ ಓನರಿಗೂ ಹಾಕಿದ ಏಜೆಂಟಿಗೂ. ಸೆಕ್ಷನ್ 8 ವೌಚರ್ (ಬಾಡಿಗೆಗೆ ಸರ್ಕಾರ ಕೊಡೋ ಸಹಾಯ) ತರೋರನ್ನ ವೌಚರ್ ಅನ್ನೋ ಕಾರಣಕ್ಕೇ ಬೇಡ ಅನ್ನೋದು 2020ರಿಂದ ಇಲ್ಲಿ ಕಾನೂನು ಬಾಹಿರ, ಇದು ಎಷ್ಟೋ ಓನರ್‌ಗಳಿಗೆ ಹೊಸ ಸುದ್ದಿ.

ಈ ಕಾನೂನು ನಮಗೆ ಸಂಬಂಧ ಇಲ್ಲ ಅಂದ್ಕೊಂಡೋರಿಗೆ ಒಂದ್ ಮಾತು. 1913ರ ಏಲಿಯನ್ ಲ್ಯಾಂಡ್ ಲಾ ಅಂತ ಇದೇ ಕ್ಯಾಲಿಫೋರ್ನಿಯಾದಲ್ಲಿತ್ತು, ಪೌರತ್ವಕ್ಕೆ ಅರ್ಹತೆ ಇಲ್ದಿರೋ ಏಷ್ಯಾದೋರು ಕೃಷಿ ಜಮೀನು ಕೊಳ್ಳೋ ಹಾಗಿರ್ಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಲ್ಲಿ ಸುಪ್ರೀಂ ಕೋರ್ಟು ಭಾರತದೋರಿಗೆ ಆ ಅರ್ಹತೆ ಇಲ್ಲ ಅಂದ್ಮೇಲೆ ಸೆಂಟ್ರಲ್ ವ್ಯಾಲಿಲಿ ಹೊಲ ಮಾಡ್ತಿದ್ದ ಪಂಜಾಬಿಗಳೂ ಅದರಡಿ ಬಂದ್ರು. ಪೌರತ್ವದ ಬಾಗಿಲು ತೆರೆದಿದ್ದು 1946ರಲ್ಲಿ, ಆ ಕಾನೂನು ಪುಸ್ತಕದಿಂದ ಹೋಗಿದ್ದು 1956ರಲ್ಲಿ. ಹಳೇ ಊರುಗಳಲ್ಲಿ ಟೈಟಲ್ ರಿಪೋರ್ಟ್ ಜೊತೆ ಬರೋ ಹಳೇ ಸಿಸಿ ಅಂಡ್ ಆರ್‌ಗಳಲ್ಲಿ (ಆ ಬಡಾವಣೆಯ ಆಸ್ತಿಗೆ ಹಾಕಿದ ಕಟ್ಟುಪಾಡುಗಳು) "ಬಿಳಿಯರಿಗೆ ಮಾತ್ರ" ಅನ್ನೋ ಸಾಲು ಇವತ್ತಿಗೂ ಸಿಗತ್ತೆ. 1948ರಿಂದ ಕೋರ್ಟಲ್ಲಿ ನಡೆಯಲ್ಲ, ಆದ್ರೆ ಕಾಗದದಲ್ಲಿದೆ. ನನ್ನ ಒಂದು ಫೈಲಲ್ಲೇ ಅಂಥದ್ದಿತ್ತು, ಆ ಮನೆ ಕೊಂಡಿದ್ದು ಹಾಸನದ ಕಡೆಯೋರು. ಅಂಥ ಸಾಲು ತೆಗೆಸೋಕೆ ಕೌಂಟಿ ರೆಕಾರ್ಡರ್ ಹತ್ರ ಕೊಡೋ ಫಾರ್ಮ್ ಇದೆ, ಆ ಫೈಲ್ ನೋಡಿದ್ಮೇಲೆ ಅವರಿಗೆ ಫೋನ್ ಮಾಡಿ ತಿಳಿಸ್ದೆ.

ಟ್ರಸ್ಟ್ ಫಂಡ್ ಕೋರ್ಸು ನನ್ನಂಥ ಸೇಲ್ಸ್‌ಪರ್ಸನ್‌ಗೆ ಒಣ ವಿಷಯ, ಬೈಯರ್ ದುಡ್ಡು ಈಗ ಸೀದಾ ಎಸ್ಕ್ರೋಗೆ (ಡೀಲ್ ಮುಗಿಯೋ ತನಕ ದುಡ್ಡು ಇಟ್ಕೊಳೋ ಮೂರನೆಯೋರು) ವೈರ್ ಆಗತ್ತೆ, ನಮ್ ಕೈಗೆ ಚೆಕ್ ಬರೋದೇ ಅಪರೂಪ. ಕೈಗೆ ಬಂದ್ರೆ ಬ್ರೋಕರ್‌ಗೆ ಕೊಡಿ, ಮೂರು ಬಿಸಿನೆಸ್ ದಿನದೊಳಗೆ ಅದು ಸೇರಬೇಕಾದ ಕಡೆ ಸೇರ್ಬೇಕು, ಅಷ್ಟು ನೆನಪಿಟ್ಕೊಂಡ್ರೆ ಸಾಕು. ಇದನ್ನ ಓದುವಾಗ ನಾನು ನಮ್ಮೋರಿಗೆ ಅಂತ ಒಂದು ಚೀಟಿ ಮಾಡ್ಕೊಂಡೆ: ಡೌನ್‌ಪೇಮೆಂಟ್‌ಗೆ ಅಪ್ಪ ಬೆಂಗಳೂರಿಂದ ಕಳಿಸ್ತಾರೆ ಅನ್ನೋರಿಗೆ ಆರ್‌ಬಿಐ ಲೆಕ್ಕದಲ್ಲಿ ಒಬ್ರಿಗೆ ವರ್ಷಕ್ಕೆ 2,50,000 ಡಾಲರ್ ಮಿತಿ ಇದೆ, ಬ್ಯಾಂಕಲ್ಲಿ ಪೇಪರ್ ವರ್ಕಿಗೆ ಟೈಮ್ ಹಿಡಿಯತ್ತೆ, ಲೆಂಡರ್ ಇದು ಸಾಲ ಅಲ್ಲ ಅನ್ನೋ ಗಿಫ್ಟ್ ಲೆಟರ್ ಕೇಳ್ತಾರೆ, ಆಫರ್ ಹಾಕೋಕೆ ಮುಂಚೆನೇ ಶುರು ಮಾಡಿ. ವೈರ್ ಇನ್‌ಸ್ಟ್ರಕ್ಷನ್ ಬದಲಾಗಿದೆ ಅಂತ ಇಮೇಲ್ ಬಂದ್ರೆ ಆ ಇಮೇಲಲ್ಲಿರೋ ನಂಬರಿಗೆ ಫೋನ್ ಮಾಡ್ಬೇಡಿ, ಮೊದ್ಲಿಂದ ಇರೋ ಎಸ್ಕ್ರೋ ನಂಬರಿಗೆ ಮಾಡಿ. ಈ ಚೀಟಿ ಈಗ ಎಲ್ಲಾ ಬೈಯರಿಗೂ ವಾಟ್ಸಾಪ್ ಮಾಡ್ತೀನಿ.

ಎಥಿಕ್ಸ್ ಬಗ್ಗೆ ಒಂದೇ ಮಾತು, ಲೈಸೆನ್ಸ್ ಕೊಡೋ ರಾಜ್ಯದ ಇಲಾಖೆ ಡಿಆರ್‌ಇ ಕೇಳೋ ಎಥಿಕ್ಸ್ ಬೇರೆ, ರಿಯಲ್ಟರ್ ಅಸೋಸಿಯೇಷನ್ ಮೂರು ವರ್ಷಕ್ಕೊಮ್ಮೆ ಕೇಳೋ ಕೋಡ್ ಆಫ್ ಎಥಿಕ್ಸ್ ಬೇರೆ. ಎರಡಕ್ಕೂ ಆಗೋ ಕೋರ್ಸ್ ಸಿಗತ್ತೆ, ಕೇಳಿ ತಗೊಳ್ಳಿ.

ಪರೀಕ್ಷೆ ಕಷ್ಟ ಅಲ್ಲ, ಪ್ರಶ್ನೆಗೆ ಒಂದು ನಿಮಿಷ, 70 ಪರ್ಸೆಂಟ್ ಬಂದ್ರೆ ಪಾಸು, ಫೇಲಾದ್ರೆ ಬೇರೆ ಪ್ರಶ್ನೆಪತ್ರಿಕೆಯಲ್ಲಿ ಇನ್ನೊಂದು ಅವಕಾಶ. ಆದ್ರೆ 24 ಗಂಟೇಲಿ 15 ಗಂಟೆ ಕ್ರೆಡಿಟ್ಟಿಗಿಂತ ಜಾಸ್ತಿ ಪರೀಕ್ಷೆ ಬರೆಯೋ ಹಾಗಿಲ್ಲ, ಹಾಗಾಗಿ ಕೊನೇ ರಾತ್ರಿ ಕೂತು 45 ಗಂಟೆ ಮುಗಿಸ್ತೀನಿ ಅನ್ನೋದು ಆಗದ ಮಾತು. ನಾನು ಸ್ಪ್ರಿಂಗ್ ಸೀಸನ್ ಬಿಟ್ಟು ಡಿಸೆಂಬರ್ ಜನವರಿ ಹೊತ್ತಿಗೆ ಮಾಡ್ಕೊಂಡೆ, ಆಗ ಲಿಸ್ಟಿಂಗೂ ಕಮ್ಮಿ ಓಪನ್ ಹೌಸೂ ಕಮ್ಮಿ.

ಎಕ್ಸ್‌ಪೈರಿಗೆ 90 ದಿನ ಇರುವಾಗಿಂದ ಡಿಆರ್‌ಇಯ ಇ-ಲೈಸೆನ್ಸಿಂಗ್ ಸೈಟಲ್ಲಿ ರಿನ್ಯೂ ಮಾಡಬಹುದು. ಸರ್ಟಿಫಿಕೇಟ್ ಅಪ್‌ಲೋಡ್ ಮಾಡೋದಲ್ಲ, ಪ್ರತಿ ಕೋರ್ಸಿನ ಎಂಟಂಕಿ ನಂಬರು ಮುಗಿಸಿದ ತಾರೀಖು ಟೈಪ್ ಮಾಡೋದು, ಒಂದಂಕಿ ಹಿಂದೆ ಮುಂದೆ ಆಗದ ಹಾಗೆ ಸರ್ಟಿಫಿಕೇಟ್ ನೋಡ್ಕೊಂಡೇ ಹಾಕಿ, ಪಿಡಿಎಫ್ ಎಲ್ಲಾ ಜೋಪಾನವಾಗಿಡಿ, ನಾಳೆ ಅವರು ತೋರ್ಸಿ ಅಂದ್ರೆ ತೋರಿಸ್ಬೇಕು. ಫೀಸು 350 ಡಾಲರ್, ಡೇಟ್ ದಾಟಿದ್ರೆ 525. ಲೇಟಾದ್ರೆ ಎರಡು ವರ್ಷ ಟೈಮ್ ಕೊಡ್ತಾರೆ ಅಂತ ಸಮಾಧಾನ ಮಾಡ್ಕೊಳೋರಿದಾರೆ, ಆ ಎರಡು ವರ್ಷದಲ್ಲಿ ರಿನ್ಯೂ ಮಾಡಬಹುದು ಅಷ್ಟೇ, ಕೆಲಸ ಮಾಡೋ ಹಾಗಿಲ್ಲ. ಅದೂ ದಾಟಿದ್ರೆ ಮತ್ತೆ ಸ್ಟೇಟ್ ಪರೀಕ್ಷೆಗೇ ಕೂರ್ಬೇಕು.

ಹೊಸ ಡೇಟ್ ಬಂದಿದ್ದನ್ನ ಡಿಆರ್‌ಇ ಪಬ್ಲಿಕ್ ಲುಕಪ್‌ನಲ್ಲಿ ನೋಡಿ, ಪ್ರಿಂಟ್ ತೆಗೆದು ಬ್ರೋಕರ್‌ಗೆ ಕಳ್ಸಿ. ಎರಡನೇ ರಿನ್ಯೂವಲ್‌ಗೆ ಈ ಕಡ್ಡಾಯದ ಸಬ್ಜೆಕ್ಟೆಲ್ಲಾ ಸೇರಿ 9 ಗಂಟೆಯ ಒಂದೇ ಸರ್ವೇ ಕೋರ್ಸ್ ತಗೋಬಹುದು, ಒಟ್ಟು ಆಗ್ಲೂ 45ನೇ, ಉಳಿದ ಗಂಟೆಗಳಲ್ಲಿ ನಾನು ಪ್ರೊಬೇಟು (ತೀರಿಕೊಂಡೋರ ಮನೆ ಕೋರ್ಟ್ ಮೂಲಕ ಮಾರೋದು), ಟ್ರಸ್ಟ್ ಸೇಲ್ (ಟ್ರಸ್ಟಲ್ಲಿರೋ ಮನೆ ಮಾರೋದು) ಕಡೆ ಓದೋಣ ಅಂತಿದೀನಿ, ಆ ಥರದ ಫೈಲು ನನ್ ಹತ್ರ ಇನ್ನೂ ಒಂದೂ ಇಲ್ಲ.