ಅಮೈಲಾಯ್ಡ್ ಗಂಟುಗಳನ್ನು ಒಡೆಯದೆ ಜೆಲ್‌ನಲ್ಲಿ ಓಡಿಸುವ ಬಗೆ

ಪ್ರೋಟೀನ್‌ಗಳನ್ನು ವಿದ್ಯುತ್ತಿನಿಂದ ಗಾತ್ರವಾರು ಬೇರ್ಪಡಿಸುವ ಜೆಲ್ ಓಡಿಸುವ ಮುನ್ನ ಮಾದರಿಯನ್ನು ಎಸ್‌ಡಿಎಸ್ (ಪ್ರೋಟೀನ್‌ನ ಮಡಿಕೆ ಬಿಚ್ಚುವ ಮಾರ್ಜಕ) ಜೊತೆ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸುವುದು ವಾಡಿಕೆ. ಪ್ರೋಟೀನ್‌ಗಳು ಒಂದಕ್ಕೊಂದು ಬಿಗಿಯಾಗಿ ಅಂಟಿ ಕಟ್ಟಿದ ತಂತುಗಳಾದ ಅಮೈಲಾಯ್ಡ್‌ಗಳ ಅಧ್ಯಯನಕ್ಕೆ ಈ ವಾಡಿಕೆಯೇ ಶತ್ರು: ಕಾಯಿಸಿದರೆ ಗಂಟುಗಳಲ್ಲಿ ಹೆಚ್ಚಿನವು ಬಿಚ್ಚಿಹೋಗುತ್ತವೆ, ಕಾಯಿಸದಿದ್ದರೆ ಎಂದಿನ ಪಾಲಿಅಕ್ರಿಲಮೈಡ್ ಜೆಲ್‌ನ ಸಣ್ಣ ರಂಧ್ರಗಳೊಳಗೆ ನುಗ್ಗಲಾರದೆ, ಮಾದರಿ ಹಾಕುವ ಗುಳಿಯಾದ ವೆಲ್‌ನಲ್ಲೇ ಕುಳಿತುಬಿಡುತ್ತವೆ. ಯೀಸ್ಟ್‌ನ ಪ್ರಿಯಾನ್ (ತನ್ನ ಬದಲಾದ ಆಕಾರವನ್ನು ತನ್ನಂಥ ಇತರ ಪ್ರೋಟೀನ್‌ಗಳಿಗೂ ಹರಡುವ) ಪ್ರೋಟೀನಾದ ಎಸ್‌ಯುಪಿ35ರ ಪಾಲಿಮರ್‌ಗಳನ್ನು ನೋಡಲು 2003ರಲ್ಲಿ ಪ್ರಕಟವಾದ ಎಸ್‌ಡಿಡಿ-ಏಜ್ (ಪ್ರೋಟೀನನ್ನು ಅರೆಬರೆ ಮಾತ್ರ ಬಿಚ್ಚುವ ಮಾರ್ಜಕದೊಂದಿಗೆ ಅಗರೋಸ್ ಜೆಲ್ ಓಡಿಸುವ) ವಿಧಾನವು ಅಗಲ ರಂಧ್ರದ ಅಗರೋಸ್ ಬಳಸಿ ಈ ತೊಡಕನ್ನು ಬಿಡಿಸಿತು. ಕೋಣೆಯ ಉಷ್ಣತೆಯಲ್ಲಿ 2 ಶೇಕಡಾ ಎಸ್‌ಡಿಎಸ್ ಇದ್ದರೂ ಅಮೈಲಾಯ್ಡ್ ತಂತುಗಳು ಸಾಮಾನ್ಯವಾಗಿ ಕರಗುವುದಿಲ್ಲ, ಸಡಿಲವಾದ ಬೇರೆ ಮುದ್ದೆಗಳಲ್ಲಿ ಬಹುಪಾಲು ಕರಗುತ್ತವೆ ಎಂಬುದೇ ಇದರ ಆಧಾರ.

ಜೆಲ್ ತಯಾರಿಸಲು 100 ಮಿಲಿಲೀಟರ್ ಟಿಎಇ (ಟ್ರಿಸ್, ಅಸಿಟೇಟ್, ಇಡಿಟಿಎ ಇರುವ) ಬಫರ್‌ನಲ್ಲಿ 1.5 ಗ್ರಾಂ ಅಗರೋಸ್ ಪೂರ್ತಿ ಕರಗುವವರೆಗೆ ಕಾಯಿಸಿ, ಆಮೇಲಷ್ಟೇ 10 ಶೇಕಡಾ ಎಸ್‌ಡಿಎಸ್ ದ್ರಾವಣವನ್ನು 1 ಮಿಲಿಲೀಟರ್ ಸೇರಿಸಿ ಮೆಲ್ಲಗೆ ತಿರುಗಿಸಬೇಕು. ಮೊದಲೇ ಸೇರಿಸಿದರೆ ನೊರೆ ಉಕ್ಕಿ ಹೊರಬರುತ್ತದೆ. ಸುರಿದ ಜೆಲ್‌ನ ಮೇಲೆ ನಿಂತ ಗುಳ್ಳೆಗಳನ್ನು ವೆಲ್‌ಗಳನ್ನು ಮೂಡಿಸುವ ಬಾಚಣಿಗೆಯ ಅಂಚಿನಿಂದ ಪಕ್ಕಕ್ಕೆ ಸರಿಸಿ. ಓಡಿಸುವ ಬಫರ್ ಕೂಡ 0.1 ಶೇಕಡಾ ಎಸ್‌ಡಿಎಸ್ ಇರುವ ಟಿಎಇ ಆಗಿರಲಿ.

ಮಾದರಿಯ ವಿಷಯದಲ್ಲಿ ಅವಸರ ಬೇಡ, ವಿಳಂಬವೂ ಬೇಡ. ಜೀವಕೋಶಗಳನ್ನು ಮಂಜುಗಡ್ಡೆಯ ಮೇಲಿಟ್ಟು, ಪ್ರೋಟೀನ್ ಕತ್ತರಿಸುವ ಕಿಣ್ವಗಳಾದ ಪ್ರೋಟಿಯೇಸ್‌ಗಳನ್ನು ತಡೆಯುವ ರಾಸಾಯನಿಕಗಳೊಂದಿಗೆ ಒಡೆಯಿರಿ. ಜೋರಾದ ಸೋನಿಕೇಶನ್ (ಶಬ್ದತರಂಗಗಳಿಂದ ಒಡೆಯುವುದು) ಉದ್ದ ತಂತುಗಳನ್ನು ತುಂಡರಿಸಿ, ಇಲ್ಲದ ಸಣ್ಣ ಗಾತ್ರವನ್ನು ತೋರಿಸುತ್ತದೆ. ಕಸ ತೆಗೆಯಲು ಸೆಂಟ್ರಿಫ್ಯೂಜನ್ನು ಕಡಿಮೆ ವೇಗದಲ್ಲಿ ಅಲ್ಪಕಾಲ ತಿರುಗಿಸಿದರೆ ಸಾಕು, ಏಕೆಂದರೆ ವೇಗ ಹೆಚ್ಚಾದರೆ ನಾವು ಹುಡುಕುತ್ತಿರುವ ಗಂಟುಗಳೇ ತಳಕ್ಕಿಳಿದು, ಮೇಲಿನ ತಿಳಿಯಲ್ಲಿ ಏನೂ ಉಳಿಯುವುದಿಲ್ಲ. ಬಳಿಕ ಟಿಎಇ, ಗ್ಲಿಸರಾಲ್, ಬ್ರೋಮೋಫಿನಾಲ್ ಬ್ಲೂ ಮತ್ತು 8 ಶೇಕಡಾ ಎಸ್‌ಡಿಎಸ್ ಇರುವ ನಾಲ್ಕುಪಟ್ಟು ಸಾಂದ್ರತೆಯ ಬಫರನ್ನು, ಮೂರು ಪಾಲು ಮಾದರಿಗೆ ಒಂದು ಪಾಲಿನಂತೆ ಬೆರೆಸಿ, ಕೋಣೆಯ ಉಷ್ಣತೆಯಲ್ಲಿ 5ರಿಂದ 10 ನಿಮಿಷ ಬಿಡಿ. ಒಡೆಯುವ ಬಫರ್‌ನಲ್ಲಿ ಪೊಟ್ಯಾಸಿಯಂ ಲವಣ ಹೆಚ್ಚಿದ್ದರೆ ಎಸ್‌ಡಿಎಸ್ ಬೆಳ್ಳಗೆ ಗಟ್ಟಿಯಾಗಿ ಇಳಿಯುತ್ತದೆ. ಬೆರೆಸಿದ ಟ್ಯೂಬನ್ನು ಮತ್ತೆ ಮಂಜುಗಡ್ಡೆಗೆ ಇಟ್ಟರೂ ಹಾಗೆಯೇ ಆಗುತ್ತದೆ. ಅಭ್ಯಾಸಬಲದಿಂದ ಟ್ಯೂಬುಗಳನ್ನು ಬಿಸಿ ಬ್ಲಾಕಿಗೆ ಇಟ್ಟು ಒಂದು ಇಡೀ ಪ್ರಯೋಗವನ್ನು ನಾನು ಕಳೆದುಕೊಂಡಿದ್ದೇನೆ. ಅಂದಿನಿಂದ ಆ ಬ್ಲಾಕನ್ನು ಒಂದೇ ಒಂದು ಟ್ಯೂಬಿಗೆಂದು ಮೀಸಲಿಟ್ಟಿದ್ದೇನೆ. ಅದೇ ಮಾದರಿಯ ಒಂದು ಪಾಲನ್ನು 95 ಡಿಗ್ರಿಯಲ್ಲಿ 10 ನಿಮಿಷ ಕಾಯಿಸಿ ಪಕ್ಕದ ವೆಲ್‌ಗೆ ಹಾಕುವುದನ್ನು ಎಂದೂ ಬಿಡಬಾರದು.

ಜೆಲ್ಲನ್ನು ಸೆಂಟಿಮೀಟರಿಗೆ 3 ವೋಲ್ಟ್ ಮೀರದಂತೆ ನಿಧಾನವಾಗಿ ಓಡಿಸಿ. ವೋಲ್ಟೇಜ್ ಏರಿಸಿದರೆ ಸಮಯ ಉಳಿಯುತ್ತದೆ, ಆದರೆ ಜೆಲ್ ಬಿಸಿಯಾಗಿ ಗಂಟುಗಳು ದಾರಿಯಲ್ಲೇ ಬಿಚ್ಚಿಕೊಳ್ಳುವ ಅಪಾಯವಿದೆ.

ಪೊರೆಗೆ ವರ್ಗಾಯಿಸಲು ವಿದ್ಯುತ್ತಿಗಿಂತ ಹೀರಿಕೆಯ ವಿಧಾನವನ್ನೇ ನಾನು ನೆಚ್ಚುತ್ತೇನೆ. ಒಣ ಹೀರುಕಾಗದಗಳ ದಪ್ಪ ಅಟ್ಟಿಯ ಮೇಲೆ ಒದ್ದೆ ಕಾಗದ, ಅದರ ಮೇಲೆ ಟಿಬಿಎಸ್‌ನಲ್ಲಿ (ಟ್ರಿಸ್ ಬೆರೆತ ಉಪ್ಪುನೀರಿನ ಬಫರ್) ನೆನೆಸಿದ ನೈಟ್ರೋಸೆಲ್ಯುಲೋಸ್ ಪೊರೆ, ಅದರ ಮೇಲೆ ಜೆಲ್, ಮತ್ತೆ ಒದ್ದೆ ಕಾಗದ. ಎಲ್ಲಕ್ಕೂ ಮೇಲೆ, ಎರಡೂ ತುದಿ ಟಿಬಿಎಸ್ ತಟ್ಟೆಗಳಲ್ಲಿ ಮುಳುಗಿದ ಉದ್ದನೆಯ ಕಾಗದವನ್ನು ಹಾಸಿ, ಹಗುರ ಭಾರವಿಟ್ಟು ರಾತ್ರಿಯಿಡೀ ಬಿಡಿ. ಪದರಗಳ ನಡುವೆ ಗಾಳಿಗುಳ್ಳೆ ಉಳಿದರೆ ಪೊರೆಯ ಮೇಲೆ ಆ ಜಾಗ ದುಂಡಗೆ ಖಾಲಿಯಾಗಿ ಕಾಣುತ್ತದೆ. ಮುಂದೆ ಪ್ರತಿಕಾಯದಿಂದ ಪೊರೆಯ ಮೇಲಿನ ಪ್ರೋಟೀನ್ ಗುರುತಿಸುವ ಕೆಲಸ ಎಂದಿನ ವೆಸ್ಟರ್ನ್ ಬ್ಲಾಟ್‌ನದೇ.

ಫಲಿತಾಂಶದಲ್ಲಿ ಗಂಟುಗಳು ಜೆಲ್‌ನ ಮೇಲ್ಭಾಗದಲ್ಲಿ ಉದ್ದಕ್ಕೆ ಸವರಿದ ಮಸಿಯಂತೆ ಹರಡಿರುತ್ತವೆ, ಬಿಡಿ ಪ್ರೋಟೀನ್ ಕೆಳಗೆ ಒಂದು ಪಟ್ಟಿಯಾಗಿರುತ್ತದೆ. ಕಾಯಿಸಿದ ಪಾಲಿನಲ್ಲಿ ಆ ಮಸಿ ಮಾಯವಾಗಿ ಕೆಳಗಿನ ಪಟ್ಟಿ ಗಾಢವಾದರೆ ಮಾತ್ರ ಓದನ್ನು ನಂಬಬಹುದು. ವೆಲ್‌ನ ಅಂಚಿನಲ್ಲೇ ಕಪ್ಪು ಗೆರೆ ನಿಂತಿದ್ದರೆ ಜೆಲ್‌ನೊಳಗೆ ಬಾರದ ವಸ್ತು ಇನ್ನೂ ಇದೆ ಎಂದರ್ಥ. ಎಸ್‌ಡಿಎಸ್‌ಗೆ ಕರಗದಿರುವುದೊಂದೇ ಅಮೈಲಾಯ್ಡ್‌ಗೆ ಸಾಕ್ಷಿಯಲ್ಲ, ಕೆಲವು ಅಮೈಲಾಯ್ಡ್‌ಗಳು ಅದರಲ್ಲಿ ಕರಗುವುದೂ ಉಂಟು. ಆದ್ದರಿಂದ ಥಯೋಫ್ಲೇವಿನ್-ಟಿ (ಅಮೈಲಾಯ್ಡ್‌ಗೆ ಅಂಟಿದಾಗ ಹೊಳೆಯುವ ಬಣ್ಣ) ಪರೀಕ್ಷೆಯನ್ನೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವನ್ನೋ ಜೊತೆಗಿಟ್ಟುಕೊಂಡೇ ತೀರ್ಮಾನ ಬರೆಯಬೇಕು.