ಇಂಕು ಇಳಿಯದ ಪೆನ್ನು: ನೀರು ಮೊದಲು, ನಿಬ್ಬು ಕೊನೆಗೆ

ಏಪ್ರಿಲ್ ಬಂತೆಂದರೆ ಕಲಬುರಗಿಯ ನಮ್ಮ ಕಾಲೇಜಿನಲ್ಲಿ ಯಾರಾದರೊಬ್ಬ ವಿದ್ಯಾರ್ಥಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು "ಸರ್, ಪೆನ್ ಬರೀವಲ್ದ್ರೀ" ಎಂದು ತನ್ನ ಫೌಂಟನ್ ಪೆನ್ನನ್ನು ಮುಂದೆ ಹಿಡಿಯುತ್ತಾನೆ. "ನಿಬ್ಬಿಗಿ ಏನರ ಮಾಡಿದ್ಯೇನಪಾ?" ಎಂದು ನಾನು ಮೊದಲು ಕೇಳುವುದಕ್ಕೆ ಕಾರಣವಿದೆ. ಇಂಕು ಬರಲಿಲ್ಲವೆಂದು ನಿಬ್ಬನ್ನು ಒತ್ತಿ, ಶಹಾಬಾದ್ ಪರಸಿಯ ಮೇಲೆ ನಾಲ್ಕು ಸಲ ತಿಕ್ಕಿ, ಸೀಳಿನಲ್ಲಿ ಬ್ಲೇಡು ತೂರಿಸಿದ ಮೇಲೆಯೇ ಹೆಚ್ಚಿನ ಪೆನ್ನುಗಳು ನನ್ನ ಮೇಜಿಗೆ ಬರುತ್ತವೆ. ಬರುವಾಗ ಒಂದರ ಬದಲು ಎರಡು ರೋಗ ಹೊತ್ತು ಬರುತ್ತವೆ. ನಮ್ಮ ಭಾಗದ ಒಣ ಬಿಸಿಲು ಮತ್ತು ಗಡಸು ನೀರಿನ ನಡುವೆ ಪೆನ್ನು ನಿಲ್ಲುವುದಕ್ಕೆ ನಿಬ್ಬೇ ಕಾರಣವಾಗುವುದು ಅಪರೂಪ ಎಂಬುದು ಹಲವು ವರ್ಷಗಳ ನನ್ನ ಅನುಭವ. ಆದ್ದರಿಂದ ಇಲ್ಲಿ ಹೇಳುವ ಕ್ರಮವನ್ನು ಹಿಂದುಮುಂದು ಮಾಡದೆ ಅನುಸರಿಸಬೇಕೆಂದು ವಿನಂತಿ.

ಪೆನ್ನಿನೊಳಗಿನ ಇಂಕು ತಾನಾಗಿ ಸುರಿಯುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ, ನಿಬ್ಬಿನ ಸೀಳು ಮತ್ತು ನಿಬ್ಬಿಗೆ ಅಂಟಿಕೊಂಡು ಕೆಳಗಿರುವ ಕಪ್ಪು ನಾಲಿಗೆಯ ಕೂದಲೆಳೆಯಂಥ ಕಾಲುವೆ ಸೇರಿ ಅದನ್ನು ಮುಂದಕ್ಕೆ ಸೆಳೆಯುತ್ತವೆ. ಈ ನಾಲಿಗೆಗೆ ಅಂಗಡಿಗಳಲ್ಲಿ ಫೀಡ್ ಎನ್ನುತ್ತಾರೆ. ಇಂಕು ಎಷ್ಟು ಹೊರಗೆ ಹೋಯಿತೋ ಅಷ್ಟೇ ಗಾಳಿ ಅದೇ ದಾರಿಯಿಂದ ಒಳಗೆ ಬರಬೇಕು. ಬರದಿದ್ದರೆ ಒಳಗೆ ಸೆಳೆತ ಹೆಚ್ಚಿ ಇಂಕು ಹಿಂದಕ್ಕೇ ಹಿಡಿದು ನಿಲ್ಲುತ್ತದೆ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಈ ಕೊಡುಕೊಳ್ಳುವಿಕೆಯನ್ನು ಹದಕ್ಕೆ ತಂದ ನಾಲಿಗೆಗೇ. ನಾಲಿಗೆಯ ಅಡಿಯಲ್ಲಿ ಮೀನಿನ ಕಿವಿರಿನಂತೆ ಕಾಣುವ ಪದರಗಳು ಅಲಂಕಾರಕ್ಕಲ್ಲ, ಹೆಚ್ಚಾಗಿ ಇಳಿದ ಇಂಕನ್ನು ತಡೆದು ಇಟ್ಟುಕೊಳ್ಳುವುದಕ್ಕೆ.

ಇಷ್ಟು ತಿಳಿದರೆ ಲಕ್ಷಣ ನೋಡಿ ಕಾರಣ ಊಹಿಸುವುದು ಕಷ್ಟವಲ್ಲ. ರಾತ್ರಿ ಮುಚ್ಚಿಟ್ಟ ಪೆನ್ನು ಬೆಳಿಗ್ಗೆ ಬರೆಯದೆ, ನೀರಿಗೆ ತುದಿ ತಾಗಿಸಿದ ಕೂಡಲೇ ಬರೆಯತೊಡಗಿದರೆ ತುದಿಯಲ್ಲಿ ಇಂಕು ಒಣಗಿದೆ ಎಂದರ್ಥ. ಚೆನ್ನಾಗಿ ಶುರುವಾಗಿ ಅರ್ಧ ಪುಟಕ್ಕೆ ಬಣ್ಣ ತೆಳುವಾಗುತ್ತ ನಿಂತುಹೋದರೆ ಗಾಳಿ ಒಳಗೆ ಹೋಗುತ್ತಿಲ್ಲ, ಇಲ್ಲವೇ ಕಾಲುವೆ ಕಟ್ಟಿಕೊಂಡಿದೆ. ಪ್ರತಿ ಅಕ್ಷರದ ಮೊದಲ ಗೆರೆ ಮಾತ್ರ ತಪ್ಪುತ್ತಿದ್ದರೆ ಆಗ ನಿಬ್ಬಿನ ಮೇಲೆ ಅನುಮಾನ ಪಡಬಹುದು. ಕಾಗದದ ಒಂದೇ ಜಾಗದಲ್ಲಿ, ಅಂದರೆ ಅಂಗೈ ಊರಿದ ಕಡೆ ಮಾತ್ರ ತಪ್ಪಿದರೆ ಪೆನ್ನಿನ ತಪ್ಪೇ ಇಲ್ಲ. ಬೆವರು ಮತ್ತು ಎಣ್ಣೆ ಹತ್ತಿದ ಕಾಗದ ಇಂಕನ್ನು ಹೀರುವುದಿಲ್ಲ. ಕೈ ಕೆಳಗೆ ಒಂದು ಹಾಳೆ ಇಟ್ಟುಕೊಂಡರೆ ಸಾಕು.

ತೊಳೆಯಲು ಬಿಚ್ಚುವ ಮೊದಲು ಕನ್ವರ್ಟರನ್ನು, ಅಂದರೆ ಪೆನ್ನಿನೊಳಗೆ ಇಂಕು ಎಳೆದು ತುಂಬಿಕೊಳ್ಳುವ ಕಳಚಬಲ್ಲ ಕೊಳವೆಯನ್ನು, ಬೆಳಕಿಗೆ ಹಿಡಿದು ನೋಡಬೇಕು. ಇಂಕು ಇದ್ದರೂ ಅದು ಹಿಂಬದಿಗೆ ಅಂಟಿಕೊಂಡು, ಮುಂದೆ ಗಾಳಿ ಮಾತ್ರ ಉಳಿದಿರುವುದು ಸಾಮಾನ್ಯ. ನಿಬ್ಬು ಕೆಳಮುಖವಾಗಿರುವಂತೆ ಹಿಡಿದು ಬೆರಳಿನಿಂದ ಎರಡು ಸಲ ತಟ್ಟಿದರೆ ಇಂಕು ಜಾರಿ ಮುಂದೆ ಬರುತ್ತದೆ. ಕನ್ವರ್ಟರ್ ಅಥವಾ ಕಾರ್ಟ್ರಿಜ್ (ಇಂಕು ತುಂಬಿಯೇ ಬರುವ ಮೊಹರಾದ ಕೊಳವೆ) ಪೂರ್ತಿ ಕೂತಿದೆಯೇ ಎಂದು ಒತ್ತಿ ನೋಡಬೇಕು. ಕಾರ್ಟ್ರಿಜ್ಜಿನ ಮುಖ ತೂತಾದಾಗ ಟಕ್ ಎಂಬ ಸಣ್ಣ ಸದ್ದು ಕೈಗೆ ತಿಳಿಯುತ್ತದೆ.

ಇದರಿಂದ ಸರಿಹೋಗದಿದ್ದರೆ ತೊಳೆಯಬೇಕು, ಮತ್ತು ತೊಳೆಯುವ ನೀರನ್ನು ಯೋಚಿಸಿ ಆರಿಸಿಕೊಳ್ಳಬೇಕು. ಸೇಡಂ, ಮಳಖೇಡ, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದು ಕೂತಿರುವುದು ನಮ್ಮ ನೆಲದಡಿಯ ಸುಣ್ಣದ ಕಲ್ಲಿಗಾಗಿ. ಅದೇ ಸುಣ್ಣ ನಮ್ಮ ಬೋರಿನ ನೀರಿನಲ್ಲಿಯೂ ಕರಗಿ ಬರುತ್ತದೆ. ಬಕೆಟ್ಟಿನ ಅಂಚಿನಲ್ಲಿ, ಗೀಜರಿನ ಒಳಗೆ ಬಿಳಿ ಪದರ ಕಟ್ಟುವುದನ್ನು ನೋಡದವರು ಇಲ್ಲಿ ಇಲ್ಲ. ಆ ನೀರಿನಲ್ಲಿ ತೊಳೆದು ಹಾಗೆಯೇ ಒಣಗಿಸಿದರೆ ಕೂದಲೆಳೆಯಷ್ಟು ಕಾಲುವೆಯಲ್ಲಿಯೂ ಅದೇ ಪದರ ಕೂರುತ್ತದೆ. ಕುಡಿಯುವ ಆರ್‌ಓ ಫಿಲ್ಟರ್ ನೀರು ಅಥವಾ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಉತ್ತಮ. ಮೊದಲ ತೊಳೆತಕ್ಕೆ ನಲ್ಲಿ ನೀರು ಬಳಸಿದರೂ ಕೊನೆಯ ತೊಳೆತ ಈ ನೀರಿನಲ್ಲಿಯೇ ಆಗಲಿ.

ಕನ್ವರ್ಟರ್ ಕಳಚಿ, ನಿಬ್ಬಿರುವ ಹಿಡಿಕೆಯ ಭಾಗವನ್ನು ಒಂದು ಲೋಟ ತಣ್ಣೀರಿನಲ್ಲಿ ನಿಬ್ಬು ಕೆಳಗಾಗಿ ರಾತ್ರಿಯಿಡೀ ಬಿಡಬೇಕು. ಬೆಳಿಗ್ಗೆ ನೋಡಿದರೆ ನಿಬ್ಬಿನ ಸೀಳಿನಿಂದ ನೀಲಿ ಎಳೆಯೊಂದು ಇಳಿದು ಲೋಟದ ತಳದಲ್ಲಿ ಮೋಡದಂತೆ ಹರಡಿರುತ್ತದೆ; ಅಲ್ಲಿ ಇಂಕು ಕಟ್ಟಿಕೊಂಡಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಳಿಕ ಮೆಡಿಕಲ್ ಅಂಗಡಿಯ 5 ಮಿಲಿಯ ಸಿರಿಂಜನ್ನು, ಸೂಜಿ ತೆಗೆದು, ಹಿಡಿಕೆಯ ಹಿಂದಿನ ಬಾಯಿಗೆ ಇಟ್ಟು ನೀರನ್ನು ಮೆಲ್ಲಗೆ ಹಾಯಿಸಬೇಕು. ರಭಸ ಬೇಡ. ಹೊರಬರುವ ನೀರು ತಿಳಿಯಾಗದಿದ್ದರೆ ಲೋಟ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ಡಿನ ಒಂದು ಹನಿ ಬೆರೆಸಿ ಹಾಯಿಸಿ, ಮತ್ತೆ ಬರೀ ನೀರಿನಲ್ಲಿ ನೊರೆ ಪೂರ್ತಿ ಹೋಗುವ ತನಕ ತೊಳೆಯಬೇಕು. ಸೋಪು ಉಳಿದರೆ ಇಂಕು ಅಂಕೆಯಿಲ್ಲದೆ ಹರಿದು ಕಾಗದದ ಮೇಲೆ ಒಡೆಯುತ್ತದೆ. ಹೊಸ ಪೆನ್ನನ್ನೂ ಒಮ್ಮೆ ಹೀಗೆ ತೊಳೆಯುವುದು ಲೇಸು, ಏಕೆಂದರೆ ತಯಾರಿಕೆಯ ಎಣ್ಣೆ ನಾಲಿಗೆಯಲ್ಲಿ ಉಳಿದಿರಬಹುದು.

ಸ್ಪಿರಿಟ್, ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಇವು ಪ್ಲಾಸ್ಟಿಕ್ಕನ್ನು ಸೀಳುತ್ತವೆ ಅಥವಾ ಕರಗಿಸುತ್ತವೆ; ಹತ್ತಿರವೂ ತರಬಾರದು. ಬಿಸಿ ನೀರೂ ಬೇಡ. ನನ್ನ ತಂದೆಯವರ ಕಪ್ಪು ಎಬೊನೈಟ್ (ಗಟ್ಟಿ ರಬ್ಬರಿನ) ಪೆನ್ನನ್ನು ಒಮ್ಮೆ ಸ್ನಾನದ ಬಿಸಿ ನೀರಿನಲ್ಲಿ ನೆನೆಹಾಕಿ ಮರೆತೆ; ಮರುದಿನ ತೆಗೆದಾಗ ಅದು ಹಳೆಯ ಚಪ್ಪಲಿಯ ಬಣ್ಣಕ್ಕೆ ತಿರುಗಿತ್ತು. ಒಣಗಿಸುವಾಗ ನಿಬ್ಬು ಕೆಳಗಾಗುವಂತೆ ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ಲೋಟದಲ್ಲಿ ನಿಲ್ಲಿಸಿದರೆ ಬಟ್ಟೆಯೇ ನೀರನ್ನು ಎಳೆದುಕೊಳ್ಳುತ್ತದೆ. ಮಾಳಿಗೆಯ ಬಿಸಿಲಿಗೆ ಇಡುವ ಅಗತ್ಯವಿಲ್ಲ.

ಇನ್ನು ಒಣಗುವ ತೊಂದರೆ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆಯೇ ಇರುವುದಿಲ್ಲ, ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇರುತ್ತದೆ. ಮುಚ್ಚಳ ತೆಗೆದ ಪೆನ್ನನ್ನು ಕೈಯಲ್ಲಿ ಹಿಡಿದು ಮುಂದಿನ ವಾಕ್ಯ ಯೋಚಿಸುವಷ್ಟರಲ್ಲಿ ತುದಿ ಒಣಗಿರುತ್ತದೆ. ಮಾತಿಗೆ ನಿಂತಾಗ ಮುಚ್ಚಳ ಹಾಕುವುದನ್ನು ರೂಢಿ ಮಾಡಿಕೊಳ್ಳಬೇಕು. ಮುಚ್ಚಿಟ್ಟರೂ ಒಣಗುತ್ತಿದ್ದರೆ ಮುಚ್ಚಳವೇ ಗಾಳಿ ಬಿಡುತ್ತಿರಬಹುದು: ಮುಚ್ಚಳದ ಬಾಯಿಗೆ ತುಟಿ ಹಚ್ಚಿ ಊದಿದಾಗ ಗಾಳಿ ಹೊರಗೆ ಹೋದರೆ ಎಲ್ಲೋ ಬಿರುಕಿದೆ ಅಥವಾ ಒಳಮುಚ್ಚಳ ಸಡಿಲಾಗಿದೆ. ಕೆಲವು ಕಂಪನಿಗಳು ಮಕ್ಕಳು ನುಂಗಿದರೆ ಉಸಿರು ಕಟ್ಟದಿರಲೆಂದು ಮುಚ್ಚಳದಲ್ಲಿ ಬೇಕೆಂದೇ ತೂತು ಬಿಡುತ್ತವೆ. ಅದನ್ನು ಬಿರುಕೆಂದು ತಿಳಿಯಬಾರದು. ವಾರಗಟ್ಟಲೆ ಬಳಸದ ಪೆನ್ನಿನಲ್ಲಿ ನೀರಿನಂಶ ಆರಿ ಇಂಕು ಗಟ್ಟಿಯಾಗಿದ್ದರೆ ಕನ್ವರ್ಟರಿಗೆ ಒಂದು ಹನಿ ಡಿಸ್ಟಿಲ್ಡ್ ವಾಟರ್ ಹಾಕಬಹುದು. ದೌತಿಗೆ ನೀರು ಹಾಕಬಾರದು, ಏಕೆಂದರೆ ಇಂಕು ಕೆಡದಂತೆ ಕಾಯುವ ರಾಸಾಯನಿಕ ತೆಳುವಾಗಿ ಬೂಷ್ಟು ಹಿಡಿಯುತ್ತದೆ. ದೌತಿಯಲ್ಲಿ ಲೋಳೆಯ ಎಳೆ ಕಂಡರೆ ಅಥವಾ ಕಮಟು ವಾಸನೆ ಬಂದರೆ ಆ ಇಂಕನ್ನು ಚೆಲ್ಲುವುದೊಂದೇ ದಾರಿ.

ಚಿತ್ರ ಬಿಡಿಸುವ ಇಂಡಿಯನ್ ಇಂಕನ್ನು ಫೌಂಟನ್ ಪೆನ್ನಿಗೆ ತುಂಬಲೇಬಾರದು. ಅದರಲ್ಲಿ ಅರಗಿನಂಥ ಅಂಟು ಇರುತ್ತದೆ, ಒಣಗಿದರೆ ನೀರಿಗೆ ಕರಗುವುದಿಲ್ಲ. ಹಳೆಯ ಬಗೆಯ, ಕಬ್ಬಿಣದಂಶವುಳ್ಳ ಬ್ಲೂ ಬ್ಲ್ಯಾಕ್ ಇಂಕು ಬಳಸುವವರು ತಿಂಗಳಿಗೊಮ್ಮೆಯಾದರೂ ತೊಳೆಯುವುದು ಅವಶ್ಯ.

ಇಂಕು ಬರದಿರುವುದಷ್ಟೇ ಅಲ್ಲ, ಬೇಕಿಲ್ಲದಷ್ಟು ಬರುವುದೂ ಹರಿವಿನ ದೋಷವೇ. ಕೊಳವೆಗೇ ಡ್ರಾಪರಿನಿಂದ ಇಂಕು ತುಂಬುವ ನಮ್ಮ ದೇಶೀ ಪೆನ್ನುಗಳಲ್ಲಿ ಇದು ಹೆಚ್ಚು. ಇಂಕು ಕಾಲು ಭಾಗಕ್ಕೆ ಇಳಿದಾಗ ಉಳಿದ ಜಾಗದಲ್ಲೆಲ್ಲ ಗಾಳಿ ಇರುತ್ತದೆ. ಕೈಯ ಶಾಖಕ್ಕೆ, ಮಧ್ಯಾಹ್ನದ ಸೆಕೆಗೆ ಆ ಗಾಳಿ ಹಿಗ್ಗಿ ಇಂಕನ್ನು ಹೊರಗೆ ನೂಕುತ್ತದೆ, ಜೇಬಿನ ಮೇಲೆ ನೀಲಿ ಸೂರ್ಯ ಮೂಡುತ್ತಾನೆ. ಅರ್ಧಕ್ಕಿಂತ ಕಡಿಮೆಯಾಗುವ ಮೊದಲೇ ಮತ್ತೆ ತುಂಬುವುದು, ನಿಬ್ಬು ಮೇಲ್ಮುಖವಾಗಿ ಇಡುವುದು, ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡಿಕ್ಕಿಯಲ್ಲಿ ಬಿಡದಿರುವುದು ಇದಕ್ಕೆ ಉಪಾಯ. ತಿರುಪಿನ ಹತ್ತಿರ ಸೋರಿದರೆ ಶುದ್ಧ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಹಚ್ಚಬೇಕು. ವ್ಯಾಸಲೀನ್ ಬೇಡ, ಅದು ಒಳಗಿನ ರಬ್ಬರನ್ನು ಹಾಳು ಮಾಡುತ್ತದೆ.

ಎಲ್ಲವೂ ಮುಗಿದು, ತೊಳೆದು, ಹೊಸ ಇಂಕು ತುಂಬಿಯೂ ಪೆನ್ನು ತಪ್ಪುತ್ತಿದ್ದರೆ ಈಗ ನಿಬ್ಬಿನ ಸರದಿ. ಗಡಿಯಾರ ರಿಪೇರಿಯವರು ಕಣ್ಣಿಗೆ ಹಚ್ಚಿಕೊಳ್ಳುವ ಭೂತಗನ್ನಡಿಯಲ್ಲಿ ತುದಿಯನ್ನು ಎದುರಿನಿಂದ ನೋಡಬೇಕು. ಸೀಳಿನ ಎರಡೂ ಬದಿಯ ಎಸಳುಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ ಮೇಲಿನದನ್ನು ಉಗುರಿನಿಂದ ತುಸುವೇ ಒತ್ತಿ, ಬಿಟ್ಟು, ಮತ್ತೆ ನೋಡಬೇಕು. ಸೀಳು ತುದಿಗೆ ಹೋದಂತೆ ಕಿರಿದಾಗಬೇಕು, ಆದರೆ ಪೂರ್ತಿ ಬಿಗಿದುಕೊಂಡಿರಬಾರದು, ಬಿಗಿದಿದ್ದರೆ 0.05 ಮಿಲಿಮೀಟರ್ ದಪ್ಪದ ಹಿತ್ತಾಳೆ ಹಾಳೆಯ ಚೂರನ್ನು ಸೀಳಿನಲ್ಲಿ ಎರಡು ಮೂರು ಸಲ ಎಳೆಯಬಹುದು. ಬ್ಲೇಡು ಮಾತ್ರ ಬೇಡ, ಅದು ಒಳಗೋಡೆಯನ್ನು ಕೆರೆಯುತ್ತದೆ.

ನಿಬ್ಬಿಗೂ ನಾಲಿಗೆಗೂ ನಡುವೆ ಬೆಳಕು ಕಂಡರೆ ಇಂಕಿನ ಸರಪಳಿ ಅಲ್ಲಿಯೇ ತುಂಡಾಗುತ್ತದೆ. ನಾಲಿಗೆ ಎಬೊನೈಟಿನದಾಗಿದ್ದರೆ, ಬಿಸಿ ನೀರು ಬೇಡವೆಂಬ ನಿಯಮಕ್ಕೆ ಇದೊಂದೇ ವಿನಾಯಿತಿ: ಕುದಿಸಿ ಇಳಿಸಿದ ನೀರಿನಲ್ಲಿ ನಿಬ್ಬಿನ ಭಾಗವನ್ನಷ್ಟೇ ಸುಮಾರು 20 ಸೆಕೆಂಡು ಅದ್ದಿ, ಬಟ್ಟೆ ಸುತ್ತಿದ ಬೆರಳಿನಿಂದ ನಾಲಿಗೆಯನ್ನು ನಿಬ್ಬಿಗೆ ಒತ್ತಿ ಹಿಡಿದು ತಣ್ಣೀರಿನಲ್ಲಿ ಆರಿಸಬೇಕು. ಪ್ಲಾಸ್ಟಿಕ್ ನಾಲಿಗೆಗೆ ಇದು ನಡೆಯುವುದಿಲ್ಲ. ತುದಿಯ ಒಳ ಅಂಚುಗಳು ಅತಿಯಾಗಿ ದುಂಡಾಗಿ, ಇಂಕು ಕಾಗದಕ್ಕೆ ತಾಗದಿರುವ ದೋಷವೂ ಉಂಟು. ಅದಕ್ಕೆ ಬಹಳ ನಯವಾದ ಪಾಲಿಶ್ ಹಾಳೆಯ ಮೇಲೆ ಉಜ್ಜಬೇಕಾಗುತ್ತದೆ. ಹೋದ ಲೋಹ ಮರಳಿ ಬರುವುದಿಲ್ಲವಾದ್ದರಿಂದ ಕೈ ಪಳಗದವರು ಬಲ್ಲವರಿಗೆ ಕೊಡುವುದು ಒಳ್ಳೆಯದು.

ಈ ಸಲದ ಹುಡುಗನ ಪೆನ್ನಿನಲ್ಲಿ ಇದ್ದದ್ದು ಚಿತ್ರಕಲೆಯ ಕಪ್ಪು ಇಂಕು. ಮೂರು ರಾತ್ರಿ ನೆನೆಸಿದ ಮೇಲೂ ಕಾಲುವೆಯಲ್ಲಿ ಗೋಂದಿನಂಥ ಹೊಳಪು ಪೊರೆ ಹಾಗೆಯೇ ಇತ್ತು. ನಾಲಿಗೆಯನ್ನೇ ಬದಲಿಸಬೇಕಾಯಿತು, ನಿಬ್ಬು ಹಳೆಯದೇ ನಡೆಯಿತು. ಇಂಕು ತುಂಬಿ, ಒಂದು ತಾಸು ನಿಲ್ಲಿಸಿಟ್ಟು, ಎರಡು ಪುಟ ಎಡೆಬಿಡದೆ ಬರೆಸಿದ ನಂತರವೇ ಅವನ ಕೈಗೆ ಕೊಟ್ಟೆ, ಏಕೆಂದರೆ ನಾಲ್ಕು ಗೆರೆ ಎಳೆದು ನೋಡಿದರೆ ನಾಲಿಗೆಯಲ್ಲಿ ಉಳಿದ ಇಂಕಷ್ಟೇ ಬರುತ್ತದೆ, ಹಿಂದಿನಿಂದ ಇಳಿಯುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ.